ಎರಡನೇ ತೊಟ್ಟಿಯ ಔಷಧ

ಮೀನುಮರಿ ಬೆಳೆಸುವ ಆ ಶೆಡ್ಡಿನಲ್ಲಿ ಅವಳು ಎಲ್ಲರಿಗೂ ತೊಟ್ಟಿ ಚಿಕ್ಕಮ್ಮ. ಬಾಲ ಆಡುವ ಬಗೆ ನೋಡಿಯೇ ಮೀನಿನ ಮೈ ಹೇಗಿದೆಯೆಂದು ಹೇಳಿಬಿಡುವಳು. ಔಷಧವನ್ನೂ ಕಣ್ಣಳತೆಯಲ್ಲೇ ಹಾಕುತ್ತಿದ್ದಳು. ಜೊತೆಗೆ ದುಡಿಯುವ ಸೊಸೆ ಸ್ಪ್ರೆಡ್‌ಶೀಟ್ ಕಲಿಸಿದ ಮೇಲೆ, ಲೆಕ್ಕವೂ ಅವಳದೇ ಆಯಿತು.

ಮೂರು ತೊಟ್ಟಿಗಳಿಗೆ ಬಿಳಿಚುಕ್ಕೆ ರೋಗ ಬಡಿದಿತ್ತು. ಹಾಳೆಯ ಬಿ1 ಮನೆಯಲ್ಲಿ ಲೀಟರಿಗೆ ಬೇಕಾದ ಔಷಧ, ಬಿ2ರಲ್ಲಿ ನೀರಿನ ಬಿಸಿ, ಅದರ ಕೆಳಗೆ ಖಾಲಿ ಮನೆ. ಆಮೇಲೆ ಸಾಲಾಗಿ ತೊಟ್ಟಿಗಳ ಲೀಟರು. ಚಿಕ್ಕಮ್ಮ ಮೊದಲ ತೊಟ್ಟಿಯ ಲೀಟರನ್ನು ಬಿ1ರಿಂದ ಗುಣಿಸುವ ಸೂತ್ರ ಬರೆದು, ಅದನ್ನೇ ಉಳಿದೆರಡಕ್ಕೂ ಕೆಳಕ್ಕೆ ಎಳೆದಳು. ಬಂದ ಉತ್ತರದಷ್ಟು ಔಷಧವನ್ನು ಸೊಸೆ ಮೊದಲನೆಯದಕ್ಕೆ ಸುರಿದಳು, ಎರಡನೆಯದಕ್ಕೂ ಸುರಿದಳು.

“ಅತ್ತೆ, ಮೂರನೇದಕ್ಕೆ ಸೊನ್ನೆ ಬಂದಿದೆ! ಕಂಪ್ಯೂಟರೇ ವಾಸಿ ಮಾಡಿಬಿಡ್ತು ನೋಡಿ.”

“ನಗೋ ಹೊತ್ತಲ್ಲ ಕಣೇ. ಮೈತುಂಬ ಚುಕ್ಕೆ ಇಟ್ಕೊಂಡಿರೋ ಮೀನಿಗೆ ಸೊನ್ನೆ ಹೆಂಗೆ?”

ಚಿಕ್ಕಮ್ಮ ಆ ಉತ್ತರದ ಮೇಲೆ ಎರಡು ಸಲ ಒತ್ತಿದಳು. ಸೂತ್ರ ಎತ್ತಿಕೊಂಡ ಮನೆಯ ಸುತ್ತ ಬಣ್ಣದ ಚೌಕಟ್ಟು ಮೂಡಿತು. ಅದು ಖಾಲಿ ಮನೆ! ಎರಡನೇ ತೊಟ್ಟಿಯದನ್ನು ಒತ್ತಿದಳು. ಚೌಕಟ್ಟು ನೀರಿನ ಬಿಸಿಯ ಮೇಲೆ ಕೂತಿತ್ತು.

“ಸೂತ್ರ ಒಂದು ಮನೆ ಇಳಿದ್ರೆ, ಅದು ನೋಡೋ ಮನೆನೂ ಇಳಿದುಬಿಟ್ಟಿದೆ! ಎರಡನೇದಕ್ಕೆ ಬಿಸಿಯಿಂದ ಗುಣಿಸಿ ಜಾಸ್ತಿ ಸುರಿದಿದೀವಿ.”

“ಬಿ1ಕ್ಕೆ ಡಾಲರ್ ಗುರುತು ಹಾಕಿದ್ರೆ ಅದು ಅಲ್ಲಾಡ್ತಿರಲಿಲ್ಲ. ನಾನೇ ಹೇಳಿಕೊಡಲಿಲ್ಲ...”

“ತಪ್ಪು ಯಾರದು ಅಂತ ಆಮೇಲೆ ಜಗಳ ಆಡೋಣ. ಕೊಳವೆ ತಾ!”

ಶೆಡ್ಡಿನ ಮರಿಗಳೆಲ್ಲ ಹುಟ್ಟುತ್ತಿದ್ದುದು ಎರಡನೇ ತೊಟ್ಟಿಯ ತಾಯಿಮೀನುಗಳಿಂದ. ಅವು ಆಗಲೇ ಮೇಲಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದವು. ಒಂದು ಪಕ್ಕಕ್ಕೆ ವಾಲಿತು. ಕೊಳವೆಯಲ್ಲಿ ಹಳೆ ನೀರು ಕಾಲುವೆಗೆ ಹೋಗುತ್ತಿತ್ತು, ಹೊಸ ನೀರು ಇಷ್ಟಿಷ್ಟೇ ಬರುತ್ತಿತ್ತು. ಸೊಸೆ ಸುರಿಯಲು ತಣ್ಣೀರಿನ ಕೊಡವನ್ನೇ ಎತ್ತಿದಳು.

“ಬೇಡ! ಒಂದೇ ಸಲ ತಣ್ಣೀರು ಬಿದ್ರೆ, ಔಷಧ ಕೊಲ್ಲದೆ ಬಿಟ್ಟಿದ್ದನ್ನ ನೀರು ಮುಗಿಸುತ್ತೆ.”

ಸೊಸೆ ಕೊಡ ಕೆಳಗಿಟ್ಟಳು. ವಾಲಿದ ಮೀನು ನೆಟ್ಟಗಾಗಲೇ ಇಲ್ಲ. ಉಳಿದವು ಒಂದೊಂದಾಗಿ ತಳಕ್ಕಿಳಿದವು. ಕಿವಿರು ನಿಧಾನವಾಗಿ ಆಡತೊಡಗಿತು. ಚಿಕ್ಕಮ್ಮ ಸತ್ತ ಮೀನನ್ನು ಎರಡೂ ಕೈಯಲ್ಲಿ ಎತ್ತಿ ಪಕ್ಕಕ್ಕಿಟ್ಟಳು.

ಮೂರನೇ ತೊಟ್ಟಿ ಕಾಯುತ್ತಿತ್ತು. ಸೊಸೆ ಬಿ1ಕ್ಕೆ ಡಾಲರ್ ಗುರುತು ಹಾಕಿ ಮತ್ತೆ ಎಳೆದಳು. ಚಿಕ್ಕಮ್ಮ ಒಂದೊಂದೇ ಉತ್ತರ ಒತ್ತಿ ನೋಡಿದಳು. ಎಲ್ಲ ಚೌಕಟ್ಟೂ ಬಿ1ರ ಮೇಲೇ.

“ಈಗ ಸುರೀಲಾ ಅತ್ತೆ?”

“ಅರ್ಧ ಸುರಿ. ಇನ್ನರ್ಧ ಮೀನನ್ನ ಕೇಳ್ಕೊಂಡು ಹಾಕೋಣ.”