ಚಾರ್ಟಿನಲ್ಲಿ ಬಾಚಿದ ತಲೆ

ನರ್ಸ್ ತರಬೇತಿಗೆಂದು ದುರ್ಗಕ್ಕೆ ಬಂದಾಗ ನನಗೆ ಹತ್ತೊಂಬತ್ತು ವರ್ಷ. ಭರಮಸಾಗರದ ಹತ್ತಿರದ ಹಳ್ಳಿಯಲ್ಲಿ ಕುರಿ ಸಾಕುವ ಮನೆ ನಮ್ಮದು. ಅದು ಎಪ್ಪತ್ತರ ದಶಕ. ಹೆಣ್ಣುಮಗಳು ಊರು ಬಿಟ್ಟು ಕಲಿಯಲು ಹೋಗುತ್ತಾಳೆಂದರೆ ಹತ್ತು ಬಾಯಿಗೆ ಹತ್ತು ಮಾತು. "ಹೋಗ್ಲಿ ಬಿಡ್ರಿ, ಮೂರು ತಿಂಗ್ಳಿಗೆ ವಾಪಸ್ ಬರ್ತಾಳೆ" ಎಂದು ಸೋದರಮಾವ ನಕ್ಕಿದ್ದ. ನನ್ನನ್ನು ಮದುವೆಯಾಗಲು ಕಾದು ಕೂತವನೂ ಅವನೇ. ಆ ಸಿಟ್ಟಿಗೇ ನಾನು ಒಂದು ವರ್ಷ ದಾಟಿಸಿದೆ.

ಅಲ್ಲಿ ಎಲ್ಲವನ್ನೂ ಕೈಯಿಂದಲೇ ಕಲಿಯಬೇಕಿತ್ತು. ಮೊದಲು ಬದನೆಕಾಯಿಗೆ ಸೂಜಿ ಚುಚ್ಚಿದೆವು, ಆಮೇಲೆ ಮನುಷ್ಯರಿಗೆ. ರೋಗಿ ಮಲಗಿರುವಂತೆಯೇ ಕೆಳಗಿನ ಬಟ್ಟೆ ಬದಲಿಸುವುದು, ಹಾಸಿಗೆ ನೆನೆಯದಂತೆ ತಲೆ ತೊಳೆಯುವುದು, ಎಣ್ಣೆ ಹಚ್ಚಿ ಎರಡು ಹೆರಳು ಹೆಣೆಯುವುದು, ಇವನ್ನೆಲ್ಲ ಒಬ್ಬರ ಮೇಲೊಬ್ಬರು ಮಾಡಿ ಕಲಿತೆವು. ಟ್ಯೂಟರ್ ನಮ್ಮ ನೆತ್ತಿಯನ್ನು ಬೆರಳಿಂದ ತಡಕಿ ಮಾರ್ಕು ಹಾಕುತ್ತಿದ್ದರು. ತಲೆ ಬಾಚುವುದಕ್ಕೂ ಮಾರ್ಕೇ ಎಂದು ನಮಗೆ ನಗು. ಇಂಜೆಕ್ಷನ್ ಕೊಡುವವಳು ನರ್ಸು, ತಲೆಯನ್ನು ಯಾರು ಬೇಕಾದರೂ ಬಾಚಿಯಾರು ಎಂಬ ಧಿಮಾಕು ನನಗೆ ಎಲ್ಲರಿಗಿಂತ ಒಂದು ಕೈ ಹೆಚ್ಚೇ ಇತ್ತು.

ವಾರ್ಡಿನಲ್ಲಿ ಪ್ರತಿ ಮಂಚಕ್ಕೂ ಒಂದು ಚಾರ್ಟು. ಜ್ವರ, ಮಾತ್ರೆ, ಬಾಯಿ ತೊಳೆದದ್ದು, ತಲೆ ಬಾಚಿದ್ದು, ಒಂದೊಂದಕ್ಕೂ ಒಂದು ಗುರುತು ಹಾಕಬೇಕು. "ಮಾಡದೆ ಗುರುತು ಹಾಕಿದವಳ ಹೆಸರು ಹೊಡೆದು ಮನೆಗೆ ಕಳಿಸುತ್ತೇನೆ" ಎಂದು ಟ್ಯೂಟರ್ ಮೊದಲ ದಿನವೇ ಹೇಳಿದ್ದರು.

ಮೂರು ವಾರ ನನ್ನ ಪಾಲಿಗೆ ಬಿದ್ದವಳು ಟೈಫಾಯ್ಡಿನ ಒಬ್ಬ ಹುಡುಗಿ. ಜವನಗೊಂಡನಹಳ್ಳಿ ಕಡೆಯವಳು, ಹದಿನೈದರ ಆಸುಪಾಸು. ತಂದೆ ತಾಯಿ ಇಲ್ಲ, ಜೊತೆಗೆ ಅಜ್ಜಿಯೊಬ್ಬಳೇ. ತಲೆಗೆ ಕೈ ಹಾಕಿದರೆ ಹುಡುಗಿ ನರಳುತ್ತಿದ್ದಳು. ನಾಳೆ ಬಾಚಿದರಾಯಿತು ಎಂದು ಮೊದಲ ದಿನ ಬಿಟ್ಟೆ, ಗುರುತು ಮಾತ್ರ ಹಾಕಿದೆ. ಮರುದಿನವೂ ಅಷ್ಟೇ. ಆಮೇಲೆ ಗುರುತು ಹಾಕಲು ಪೆನ್ನು ತಾನೇ ಓಡುತ್ತಿತ್ತು. ಅಜ್ಜಿಯನ್ನು ಬೆಳಗಿನ ಹೊತ್ತು ವಾರ್ಡಿನೊಳಗೆ ಬಿಡುತ್ತಿರಲಿಲ್ಲ, ಸಂಜೆ ಅವಳು ಬರುವಷ್ಟರಲ್ಲಿ ನಾನು ಮೊಮ್ಮಗಳ ತಲೆಗೆ ಬಟ್ಟೆ ಸುತ್ತಿರುತ್ತಿದ್ದೆ.

ಜ್ವರ ಇಳಿದ ದಿನ ಅಜ್ಜಿ ಆ ಬಟ್ಟೆ ಬಿಚ್ಚಿದಳು. ಹಿಂದಲೆಯ ಕೂದಲೆಲ್ಲ ಒಂದಕ್ಕೊಂದು ಹತ್ತಿಕೊಂಡು ಕಂಬಳಿಯ ತುಂಡಿನ ಹಾಗೆ ಗಟ್ಟಿಯಾಗಿತ್ತು. ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದು ಕೈ ಮುಗಿದಳು.

"ಅಯ್ಯೋ ನಮ್ಮವ್ವ! ಅಮ್ಮನ ಜಡೆ ಬಂದೈತಲ್ಲೇ!"

ಜಡೆ ಬಂತೆಂದರೆ ದೇವಿ ಕರೆದಳೆಂದೇ ಅರ್ಥ. ಅಂಥ ಹುಡುಗಿಯ ಕೊರಳಿಗೆ ಮುತ್ತು ಕಟ್ಟಿ ಅಮ್ಮನ ಹೆಸರಿಗೆ ಬಿಡುತ್ತಾರೆ. ಆಮೇಲೆ ಅವಳಿಗೆ ಮದುವೆಯಿಲ್ಲ. ಊರ ಗಂಡಸರಲ್ಲಿ ದುಡ್ಡಿದ್ದವನು ಇಟ್ಟುಕೊಳ್ಳುತ್ತಾನೆ, ಬೇಡವಾದಾಗ ಬಿಡುತ್ತಾನೆ. ನಮ್ಮ ಪಕ್ಕದೂರಿನಲ್ಲೇ ಅಂಥವಳೊಬ್ಬಳು ಇದ್ದಳು. ಟ್ಯೂಟರ್ ಕತ್ತರಿ ತಂದರೆ ಅಜ್ಜಿ ಅಡ್ಡ ನಿಂತಳು. "ಮುಟ್ಬ್ಯಾಡ್ರಿ, ರಕ್ತ ಕಾರ್ಕೊಂಡು ಸಾಯ್ತಾಳೆ. ಊರಿಗೆ ಹೋದ ಮ್ಯಾಲೆ ಹಿರಿಯರು ಏನು ಮಾಡ್ಬೇಕೋ ಮಾಡ್ತಾರೆ." ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿ ಮಲಗಿಬಿಟ್ಟಳು. ಡಿಸ್ಚಾರ್ಜಿಗೆ ಇನ್ನು ಆರು ದಿನ ಇತ್ತು.

ಚಾರ್ಟಿನಲ್ಲಿ ದಿನಾ ಬಾಚಿದ ಗುರುತಿದ್ದದ್ದರಿಂದ ಟ್ಯೂಟರಿಗೂ ಅನುಮಾನ ಬರಲಿಲ್ಲ. ದೇವಿಯೂ ಇಲ್ಲ, ಮಣ್ಣೂ ಇಲ್ಲ, ಅದು ನನ್ನ ಸೋಮಾರಿತನ ಎಂದು ನನಗೊಬ್ಬಳಿಗೆ ಗೊತ್ತಿತ್ತು. ಹೇಳಿದರೆ ಹೆಸರು ಹೊಡೆಯುತ್ತಾರೆ. ಊರಲ್ಲಿ ಸೋದರಮಾವ ಹಲ್ಲು ಕಿರಿದುಕೊಂಡು ನಿಂತಿರುತ್ತಾನೆ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಓಡಾಡಿದೆ. ನನ್ನ ಮೇಲೆ ನನಗೇ ಹೇಸಿಗೆಯಾಗಿತ್ತು.

ಮೂರನೆಯ ದಿನ ಟ್ಯೂಟರ್ ಆ ಮಂಚದ ಬಳಿ ಇದ್ದಾಗ ಚಾರ್ಟು ಹಿಡಿದು ಅಜ್ಜಿಯ ಮುಂದೆ ನಿಂತೆ.

"ಅಜ್ಜಿ, ಯಾವ ಅಮ್ಮನೂ ಬಂದಿಲ್ಲ. ದಿನಾ ತಲೆ ಬಾಚೋದು ನನ್ನ ಕೆಲಸ. ನಾನು ಬಾಚಲಿಲ್ಲ. ಬಾಚಿದೀನಿ ಅಂತ ಸುಳ್ಳು ಬರೆದೆ."

"ಮೂರು ವಾರಾನೂ?"

"ಒಂದು ದಿನಾನೂ ಬಾಚ್ಲಿಲ್ಲ."

ಅಜ್ಜಿ ಎದ್ದು ನನ್ನ ಕೆನ್ನೆಗೆ ಫಟಾರನೆ ಬಾರಿಸಿದಳು. ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಟ್ಯೂಟರ್ ತಡೆಯಲಿಲ್ಲ. ಆಮೇಲೆ ಅಜ್ಜಿ ಗಂಟಿನಿಂದ ಕೊಬ್ಬರಿ ಎಣ್ಣೆಯ ಶೀಶೆ ತೆಗೆದು ನನ್ನ ಕೈಗೆ ತುರುಕಿದಳು. "ಕುಂತ್ಕ. ಬಿಡ್ಸು. ನಿನ್ನ ಕೈಗೆ ಬಿಡ್ತು ಅಂದ್ರೆ ನಿನ್ನ ಮಾತು ನಂಬ್ತೀನಿ. ಕತ್ತರಿ ಮಾತ್ರ ಮುಟ್ಟಿಸ್ಬ್ಯಾಡ."

ಉಣ್ಣೆಯ ಗಂಟು ಬಿಡಿಸುವುದು ನಮ್ಮ ಮನೆಯ ಹೆಂಗಸರಿಗೆ ಹುಟ್ಟಿನಿಂದ ಬಂದ ಕೆಲಸ. ಬುಡದಿಂದ ಎಳೆಯಬಾರದು. ತುದಿಯಿಂದ ಶುರು ಮಾಡಬೇಕು, ಮೇಲೆ ಒಂದು ಕೈ ಬಿಗಿ ಹಿಡಿದು ಕೆಳಗೆ ಇನ್ನೊಂದು ಕೈಯಿಂದ ನಾಲ್ಕು ನಾಲ್ಕೇ ಎಳೆ ಬಿಡಿಸಬೇಕು. ಡ್ಯೂಟಿ ಮುಗಿದ ಮೇಲೆ ಮೂರು ಮಧ್ಯಾಹ್ನ ಕೂತೆ. ಬೆರಳ ತುದಿ ಸುಲಿಯಿತು. ಹುಡುಗಿ ಒಮ್ಮೆಯೂ ನರಳಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ಅಲುಗಾಡದೆ ಕೂತಿರುತ್ತಿದ್ದಳು. ಮೂರನೆಯ ಸಂಜೆ ಬಾಚಣಿಗೆ ನೆತ್ತಿಯಿಂದ ತುದಿಯವರೆಗೆ ಸಲೀಸಾಗಿ ಇಳಿಯಿತು. ಅವಳು ಕೈ ಹಿಂದೆ ಹಾಕಿ ಕೂದಲನ್ನೆಲ್ಲ ತಡಕಿ ನೋಡಿದಳು. ಆಮೇಲೆ ನನ್ನ ಮಡಿಲಲ್ಲಿ ಮುಖವಿಟ್ಟು ಗೊಳೋ ಎಂದು ಅತ್ತಳು.

ಟ್ಯೂಟರ್ ನನ್ನ ಹೆಸರು ಹೊಡೆಯಲಿಲ್ಲ, ಆರು ತಿಂಗಳು ಹಿಂದೆ ಹಾಕಿದರು. ನನ್ನ ಜೊತೆಯವರು ಪರೀಕ್ಷೆ ಬರೆದು ಹೊಸದುರ್ಗ, ಹೊಳಲ್ಕೆರೆ ಎಂದು ಕೆಲಸಕ್ಕೆ ಹೋದಾಗ ನಾನು ನಮಗಿಂತ ಕಿರಿಯ ತಂಡದವರ ಜೊತೆ ಇನ್ನೂ ವಾರ್ಡಿನಲ್ಲಿ ತಲೆ ಬಾಚುತ್ತಿದ್ದೆ. ಅವಮಾನವಾಯಿತು. ನ್ಯಾಯವೇ ಆಗಿತ್ತು.

ಡಿಸ್ಚಾರ್ಜಿನ ದಿನ ಅವರಿಬ್ಬರನ್ನು ಗೇಟಿನವರೆಗೆ ಬಿಟ್ಟೆ. ಹುಡುಗಿ ಎರಡು ಹೆರಳು ಹಾಕಿಕೊಂಡು ಮುಂದೆ ಹೋದಳು. ಅಜ್ಜಿ ನಿಂತು ನನ್ನ ಕೆನ್ನೆ ಸವರಿದಳು. ಹೊಡೆದದ್ದಕ್ಕೆ ಬೇಜಾರು ಮಾಡಿಕೊಂಡಿದ್ದಾಳೆ ಎಂದುಕೊಂಡು, "ಹೋಗ್ಲಿ ಬಿಡಜ್ಜಿ, ಬಾಚ್ದೇ ಇದ್ದದ್ದು ನನ್ನ ತಪ್ಪೇ ಅಲ್ವಾ" ಎಂದೆ.

"ಬಾಚ್ಲಿಲ್ಲ ಅಂತ ಹೊಡೀಲಿಲ್ಲ ಕಣವ್ವ," ಎಂದಳು. "ಎರಡು ದಿನ ಸುಮ್ಕಿದ್ಯಲ್ಲ, ಅದ್ಕೆ. ಆ ಎರಡು ದಿನದಾಗೆ ನಾನು ಅವಳ್ನ ಮನಸ್ನಾಗೆ ಅಮ್ಮಂಗೆ ಕೊಟ್ಟೇಬಿಟ್ಟಿದ್ದೆ."