ಅಮ್ಮನ ಹೆಸರೆತ್ತದ ಮನೆ

ಆಗೆಲ್ಲ ತಮಿಳು ಸೀಮೆಯ ನಮ್ಮ ಕ್ರೋಂಪೇಟೆಯಲ್ಲಿ ಡಿಸೆಂಬರ್ ಬಂದದ್ದು ಮೂಗಿಗೇ ಗೊತ್ತಾಗುತ್ತಿತ್ತು. ಚರ್ಮ ಹದಮಾಡುವ ಶೆಡ್ಡುಗಳ ಕಮಟು ಒಂದು ಕಡೆ, ನಮ್ಮ ಅಡುಗೆಮನೆಯ ಕಾದ ಎಣ್ಣೆ, ತೆಂಗಿನಹಾಲಿನ ಘಮ ಇನ್ನೊಂದು ಕಡೆ. ಮೈದಾ ಹಿಟ್ಟನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ, ಸುರುಳಿ ಸುತ್ತಿ ಕರಿದರೆ ಕಲ್‌ಕಲ್. ಮಂಗಳೂರು ಕಡೆಯ ಕ್ರೈಸ್ತರಾದ ನಮಗೆ ಅದಿಲ್ಲದೆ ಹಬ್ಬವಿಲ್ಲ. ಅಮ್ಮ ಹಾಡಿಕೊಂಡು ಒತ್ತುತ್ತಿದ್ದಳು, ನಾನು ಹಸಿ ಹಿಟ್ಟು ಕದ್ದು ತಿನ್ನುತ್ತಿದ್ದೆ.

ನನಗೆ ಒಂಬತ್ತು ವರ್ಷವಾಗಿದ್ದಾಗ, ಅಕ್ಟೋಬರ್ ಮಳೆಯಲ್ಲಿ ಹಿಡಿದ ಜ್ವರದಲ್ಲಿ ಅಮ್ಮ ತೀರಿಕೊಂಡಳು. ಮನೆ ನೋಡಿಕೊಳ್ಳಲು ಅಪ್ಪನ ಅಕ್ಕ ಗ್ರೇಸತ್ತೆ ಬಂದರು. ಬಂದವರೇ ಅಮ್ಮನ ಸೀರೆಗಳನ್ನು ಯಾರಿಗೋ ಕೊಟ್ಟರು, ಫೋಟೋವನ್ನು ಬೀರುವಿನೊಳಗೆ ತಳ್ಳಿದರು. ನಾನು ಅತ್ತರೆ, "ಅವಳು ಕರ್ತನ ಹತ್ರ ಸುಖವಾಗಿದ್ದಾಳೆ. ಮತ್ತೆ ಎಂತಕ್ಕೆ ಅಳುವುದು? ವಿಶ್ವಾಸ ಇಲ್ಲದವರು ಅಳ್ತಾರೆ" ಎನ್ನುತ್ತಿದ್ದರು. ಅಮ್ಮ ಹೀಗೆ ಮಾಡುತ್ತಿದ್ದಳು ಎಂದರೂ ತಪ್ಪು. ಪ್ರಾರ್ಥನೆಗೆ ಬಂದ ಹಿರಿಯರೂ ಅದಕ್ಕೆ ತಲೆದೂಗಿದರು. ರೈಲ್ವೆಯಲ್ಲಿ ದರ್ಬಾರು ಮಾಡುತ್ತಿದ್ದ ಅಪ್ಪ ಅಕ್ಕನೆದುರು ತುಟಿ ಬಿಚ್ಚಲಿಲ್ಲ. ಅವರೆಲ್ಲರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ತಾಯಿ ಸತ್ತ ಮಗುವಿಗೆ ತಾಯಿಯ ಮಾತೂ ಇಲ್ಲದ ಹಾಗೆ ಮಾಡುವುದು ಯಾವ ಸೀಮೆಯ ಭಕ್ತಿ?

ಸಾವಿನ ಮನೆಯೆಂದು ಆ ವರ್ಷ ನಕ್ಷತ್ರ ತೂಗುಹಾಕಲಿಲ್ಲ. ಕ್ಯಾರಲ್ ಹಾಡುವವರು ನಮ್ಮ ಬಾಗಿಲು ದಾಟಿ ಪಕ್ಕದ ಮನೆಗೆ ಹೋದರು. ಮರುದಿನ ಮಂಗಳೂರಿನಿಂದ ಅಮ್ಮನ ತಾಯಿ ಬಂದರು. ಕೈಕಾಲು ತೊಳೆದವರೇ ಅಜ್ಜಿ ಮೈದಾ ಕಲಸಲು ಕೂತರು.

"ಸಾವಿನ ಮನೆಯಲ್ಲಿ ಎಣ್ಣೆ ಇಡುವುದುಂಟಾ?" ಗ್ರೇಸತ್ತೆ ಅಡ್ಡ ಬಂದರು. "ಮಗುವಿಗೆ ಮತ್ತೆ ನೆನಪಾಗ್ತದೆ."

"ಆಗ್ಲಿ ಅಂತಲೇ ಮಾಡುವುದು," ಅಜ್ಜಿ ಹಿಟ್ಟಿನಿಂದ ಕೈ ತೆಗೆಯದೆ ಹೇಳಿದರು. "ರೊಟ್ಟಿ ಮುರಿದು ಕೊಟ್ಟು ಯೇಸುಸ್ವಾಮಿ ಎಂತ ಹೇಳಿದ್ದು ಗ್ರೇಸ್? ನನ್ನ ನೆನಪು ಮಾಡ್ಕೊಳ್ಳಿ ಅಂತ ಅಲ್ವಾ? ಗೆಳೆಯ ಸತ್ತಾಗ ಅವರೇ ಅತ್ತಿದ್ದಾರೆ. ಅವರಿಗೂ ವಿಶ್ವಾಸ ಇರ್ಲಿಲ್ವಾ?"

ಗ್ರೇಸತ್ತೆ ಹೊರಗೆ ಹೋದರು. ಅಜ್ಜಿ ಬಾಚಣಿಗೆ ಒತ್ತುತ್ತಲೇ ಅಮ್ಮನ ಕಥೆ ತೆಗೆದರು. ಬಾಲಯೇಸುವಿಗೆ ಹಸಿವಾದೀತೆಂದು ಪುಟ್ಟ ಅಮ್ಮ ಬೊಂಬೆ ಜೋಡಿಸಿದ ಗೋದಲಿಯ ಹುಲ್ಲಿನಡಿ ಒಂದು ಹಿಡಿ ಕಲ್‌ಕಲ್ ಬಚ್ಚಿಟ್ಟಿದ್ದಳಂತೆ. ಹಬ್ಬದ ಬೆಳಿಗ್ಗೆ ನೋಡಿದರೆ ಜ್ಞಾನಿಗಳು, ಕುರುಬರು, ಕುರಿಗಳು, ಎಲ್ಲರ ಮೈಮೇಲೂ ಇರುವೆ. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಅಪ್ಪ ಜೋರಾಗಿ ನಕ್ಕರು, ನಗುತ್ತಲೇ ಕುಸಿದು ಕೂತು ಅತ್ತರು. ನನಗೂ ಅಳು ಬಂತು. ಎಷ್ಟೋ ದಿನಗಳ ಮೇಲೆ ಅಂದು ಹೊಟ್ಟೆ ತುಂಬ ತಿಂದೆ. ಅಷ್ಟೂ ಪ್ರಾರ್ಥನಾಕೂಟಗಳಲ್ಲಿ ಸಿಗದ ದೇವರು ಆ ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿದ್ದ.

ಹೊಸ ವರ್ಷಕ್ಕೆ ಅಜ್ಜಿ ಊರಿಗೆ ಹೋದರು. ಮನೆ ಮತ್ತೆ ಬಾಯಿ ಮುಚ್ಚಿತು. ದೊಡ್ಡವಳಾದ ಮೇಲೆ ನಾನು ಕೇಳಿದರೂ ಅಪ್ಪ, "ಈಗ ಅದೆಲ್ಲ ಎಂತಕ್ಕೆ?" ಎಂದು ಎದ್ದುಹೋಗುತ್ತಿದ್ದರು. ಅಜ್ಜಿ, ಗ್ರೇಸತ್ತೆ ತೀರಿಕೊಂಡು ಎಷ್ಟೋ ಕಾಲವಾಯಿತು. ಈ ಸಲದ ಈಸ್ಟರ್ ಆದ ಮೇಲೆ ಅಪ್ಪನೂ ತೀರಿಕೊಂಡರು. ಅವರು ಹೋದ ದಿನಗಳಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅಂದು ಅಡುಗೆಮನೆಯ ಬಾಗಿಲಲ್ಲಿ ಅವರು ನಕ್ಕ ಆ ಒಂದು ನಗು.

ಮನೆಯ ಪ್ರಾರ್ಥನೆಗೆ ಬಂದವರೊಬ್ಬರು ನನ್ನ ಮಗಳಿಗೆ ಅಳಬಾರದೆಂದು ಹೇಳಿದಾಗ, "ಅಳಲಿ ಬಿಡಿ, ತಾತನ ಮಾತೂ ಆಡಲಿ" ಎಂದೆ, ಗಡುಸಾಗಿಯೇ. ಅವಳು ತಮಿಳಿನಲ್ಲಿ ತಾತನ ಗೊರಕೆ, ಸಕ್ಕರೆ ಕಾಯಿಲೆಯಲ್ಲೂ ಕದ್ದು ತಿಂದ ಐಸ್‌ಕ್ರೀಂ, ಎಲ್ಲ ಹೇಳಿ ಬಂದವರನ್ನು ನಗಿಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಪಾಟಿ ಎಪ್ಪಡಿಮ್ಮಾ ಇರುಪ್ಪಾಂಗ?" ಎಂದು ಕೇಳಿದಳು, ತನ್ನ ಅಜ್ಜಿ, ಎಂದರೆ ನನ್ನ ಅಮ್ಮ, ಹೇಗಿದ್ದಳೆಂದು.

ನನಗೆ ಗೊತ್ತಿದ್ದುದನ್ನೆಲ್ಲ ಹೇಳಿದೆ. ಕೈಯಲ್ಲಿದ್ದ ಕಾಫಿ ಆರುವ ಮೊದಲೇ ಹೇಳುವುದು ಮುಗಿಯಿತು.

"ಆಮೇಲೆ?" ಎಂದಳು.

ಆಮೇಲಿನದನ್ನು ಬಲ್ಲವರು ಈಗ ಯಾರೂ ಇಲ್ಲ.