ಆಂಜಿನಮ್ಮ ಮುಟ್ಟಗೊಡದ ಜೋಳ

ನಮ್ಮ ಕ್ಯಾಲನೂರಿನಲ್ಲಿ ಆಂಜಿನಮ್ಮನನ್ನು ಜಿಪುಣಿ ಎಂದವರ ಬಾಯಿ ಮುಚ್ಚಿಸದೆ ನಾನು ಬಿಟ್ಟಿಲ್ಲ. ಪಕ್ಕದ ಮನೆಯವಳು ನಾನು, ಎಲ್ಲ ಕಣ್ಣಾರೆ ಕಂಡಿದ್ದೇನೆ.

ಹೋದ ವರ್ಷ ಮಳೆ ಕೈಕೊಟ್ಟಿತು. ಮೇವಿಗೆಂದು ಹಾಕಿದ್ದ ಜೋಳ ಮೊಣಕಾಲೆತ್ತರಕ್ಕೇ ಸೊರಗಿ ಕಡ್ಡಿಯಾಯಿತು. ಅದನ್ನೇ ಕೊಯ್ದು ಒಣಗಿಸಿ ಹಾಕಿದರೆ ಹಸುಗಳ ಹೊಟ್ಟೆಯೇನೋ ತುಂಬುತ್ತಿತ್ತು, ಮೈಗೆ ಹತ್ತುತ್ತಿರಲಿಲ್ಲ. ಡೇರಿಯಲ್ಲಿ ಎಲ್ಲರ ಹಾಲೂ ತೆಳ್ಳಗೆ. ಆಂಜಿನಮ್ಮನ ಸೊಸೆ ರಜನಿ ತವರಿನಿಂದ ಹೊಡೆದುಕೊಂಡು ಬಂದಿದ್ದ ಕಡಸು ಆಗ ತುಂಬು ಗಬ್ಬ, ಪಕ್ಕೆಲುಬು ಎದ್ದು ಕಾಣುತ್ತಿತ್ತು.

ಆಮೇಲೆ ಒಂದು ಹದ ಮಳೆ ಬಿತ್ತು. ಕೊಯ್ದ ಜೋಳದ ಕೂಳೆಯಿಂದ ಹಸಿರು ಚಿಗುರು ಒತ್ತಾಗಿ ಎದ್ದಿತು. ರಜನಿ ಕುಡುಗೋಲು ಹಿಡಿದು ಓಡಿದಳು. ಆಂಜಿನಮ್ಮ ಬದುವಿನ ಮೇಲೆ ಅಡ್ಡ ನಿಂತಳು.

"ಬೇಡ ಕಣೇ. ಬರದಲ್ಲಿ ನರಳಿದ ಜೋಳ, ಈ ಚಿಗುರಲ್ಲಿ ವಿಷ ಇರುತ್ತೆ. ನಮ್ಮಮ್ಮನ ಮನೇಲಿ ಇಂಥದ್ದೇ ಮೇದು ಹಸು ನಿಂತಲ್ಲೇ ಉರುಳ್ತು. ತೆನೆ ಬರ್ಲಿ, ವಿಷ ಇಳಿಯುತ್ತೆ, ಆಗ ನಾನೇ ಕೊಯ್ದು ಹಾಕ್ತೀನಿ."

"ಅಷ್ಟೊತ್ತಿಗೆ ನನ್ನ ಕಡಸು ಉಳಿದಿರುತ್ತಾ ಅತ್ತೆ? ನಿಮ್ಮ ಹಸೂಗೆ ಇಟ್ಕೊಳ್ಳೋಕೆ ಈ ಕತೆ ಹೇಳ್ತಿದೀರ!"

ಅಬ್ಬಾ, ಆ ಮಾತಿಗೆ ನಾನಾಗಿದ್ದರೆ ಕೂಗಾಡಿ ಊರು ಒಂದು ಮಾಡುತ್ತಿದ್ದೆ. ಆಂಜಿನಮ್ಮ ಕುಡುಗೋಲು ಕಿತ್ತುಕೊಂಡಳು, ಅಷ್ಟೆ. ಸೊಸೆ ಮಾತು ಬಿಟ್ಟಳು, ಅತ್ತೆಯ ಹಸುವಿದ್ದ ಹಿತ್ತಲಿಗೂ ಕಾಲಿಡಲಿಲ್ಲ. ಆದರೂ ದಿನಾ ಬೆಳಿಗ್ಗೆ ಕಡಸಿನ ಗೋದಲಿಯಲ್ಲಿ ರಾಗಿ ಹುಲ್ಲು, ಅಗಸೆ ಸೊಪ್ಪು ಇರುತ್ತಿತ್ತು. ಗಂಡ ಹಾಕುತ್ತಿದ್ದಾನೆ ಅಂದುಕೊಂಡಳು, ಪೆದ್ದಿ!

ಕಡಸು ಸುಖವಾಗಿ ಈಯಿತು, ಹೆಣ್ಣು ಕರು. ಆ ಖುಷಿಯಲ್ಲಿ ಮುನಿಸು ಮರೆತು, ಗಿಣ್ಣಿನ ಬಟ್ಟಲು ಹಿಡಿದು ರಜನಿ ಅತ್ತೆಯನ್ನು ಹುಡುಕಿಕೊಂಡು ಹಿತ್ತಲಿಗೆ ಹೋದಳು. ನಾನೂ ಹಿಂದೆಯೇ ಹೋದೆ. ಅತ್ತೆಯ ಹಸು ಮೂಳೆಚಕ್ಕಳವಾಗಿ ನಿಂತಿತ್ತು. ಅದರ ಮುಂದೆ ಒಣ ಜೋಳದ ಕಡ್ಡಿ ಬಿಟ್ಟರೆ ಬೇರೇನೂ ಇರಲಿಲ್ಲ.

"ರಾಗಿ ಹುಲ್ಲು ಎಲ್ಲಿ ಅತ್ತೆ?"

"ನಿನ್ನ ಕಡಸಿಗೇ ಹಾಕ್ದೆ ಕಣಮ್ಮ. ಅದು ಎರಡು ಜೀವ. ಇದು ಒಂದೇ, ತಡ್ಕೊಳ್ಳುತ್ತೆ ಅಂದ್ಕೊಂಡೆ. ಹಾಲು ಮಾತ್ರ ನಿಂತೋಯ್ತು."

ರಜನಿ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ. ಇಂಥ ಹೆಂಗಸನ್ನು ಜಿಪುಣಿ ಅಂತಾರಲ್ಲ, ಅವರ ನಾಲಿಗೆ ಸೇದಿಹೋಗ!

ಜೋಳ ತೆನೆ ಬಿಟ್ಟಾಗ ಮೊದಲ ಹೊರೆಯನ್ನು ಸೊಸೆಯೇ ಕೊಯ್ದಳು. ತನ್ನ ಹಸು ಹಗ್ಗ ಜಗ್ಗಿ ಕೂಗಿದರೂ ನಿಲ್ಲದೆ ಹಿತ್ತಲಿಗೆ ನಡೆದು, ಹೊರೆಯನ್ನು ಅತ್ತೆಯ ಹಸುವಿನ ಮುಂದೆ ಬಿಚ್ಚಿದಳು.